ಡಬ್ಬಿಯ ತೂಕ

ಒಂಬತ್ತನೆಯ ತರಗತಿಯ ತನಕ ನನಗೆ ಭೌತಶಾಸ್ತ್ರವೆಂದರೆ
ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದ ವ್ಯಾಖ್ಯೆ,
ಮಗ್ಗಿಯ ಹಾಗೆ ಒಪ್ಪಿಸಿ ಕೂತರೆ ಮುಗಿಯಿತು.
ಚಲನೆಯ ಮೂರು ನಿಯಮ,
ಹಾಸ್ಟೆಲಿನ ಗೋಡೆಗೆ ಬರೆದ ಹದಿನಾಲ್ಕು ನಿಯಮ,
ಎಲ್ಲ ಒಂದೇ ಜಾತಿ:
ಯಾರೋ ಮಾಡಿದ್ದು, ನಾವು ಮುರಿಯಬಾರದ್ದು.

ದಸರಾ ರಜೆ ಮುಗಿದ ಮೇಲೆ
ಲಿಂಗಸುಗೂರಿನ ಬಸ್ಸಿಳಿದು ಹಟ್ಟಿಗೆ ಬಂದರು ತಾಹೇರಾ ಮೇಡಂ.
ಹಾಜರಿ ಕೂಗಲಿಲ್ಲ.
"ತಕ್ಕಡಿ ಯಾರ ಮನೆಯಲ್ಲಿದೆ?"

ಖಾಸಿಂ ತಂದ, ಮೀನು ತೂಗುವ ಕೊಕ್ಕೆತಕ್ಕಡಿ.
ಎಷ್ಟು ತೊಳೆದರೂ ಬಿಡದ ನಾತ;
ರೇಣವ್ವ ಮೂಗಿಗೆ ವೇಲು ಹಿಡಿದಳು.
ಅಂಗಳದ ಕಲ್ಲೊಂದನ್ನು ಕಟ್ಟಿದೆವು. ಮುಳ್ಳು ಎರಡೂಕಾಲಕ್ಕೆ ನಿಂತಿತು.
ಮೌನೇಶ ಮೇಜು ಹತ್ತಿ
ಕಲ್ಲು, ತಕ್ಕಡಿ ಎರಡನ್ನೂ ಕೂಡಿಯೇ ಕೈಬಿಟ್ಟ.
ಕೆಳಗೆ ಗೋಣಿತಾಟು ಹಿಡಿದು ನಾವು ನಾಲ್ವರು.
ಮುಳ್ಳು ನೋಡುವುದಷ್ಟೇ ಅಮರಮ್ಮನ ಕೆಲಸ.
"ಸೊನ್ನಿ!" ಎಂದಳು.
"ಸುಳ್ಳು" ಎಂದೆವು.
ಏಳನೆಯ ಸಲಕ್ಕೆ ತಾಟು ಹರಿಯಿತು.
ಸೊನ್ನೆ ಸೊನ್ನೆಯೇ.

"ಹಂಗಾರ ತೂಕ ಎಲ್ಲಿ ಹೋತ್ರಿ, ಮೇಡಂ?"

ಮೇಡಂ ಸೀಮೆಸುಣ್ಣ ಮೇಜಿನ ಮೇಲಿಟ್ಟು
ಕಿಟಕಿಗೆ ಒರಗಿದರು.
ಅಂಥ ಮೌನ ನಮಗೆ ಹೊಸದು,
ಬೆತ್ತ ಬೀಳುವ ಮುಂಚಿನದಲ್ಲ.

ಮೂರು ವರ್ಷ ಹಿಂದಿನ ಬೆಂಚಿನಲ್ಲಿ ತುಟಿ ಬಿಚ್ಚದ ಖಾಸಿಂ
ಎದ್ದು ನಿಂತು ತೊದಲಿದ:
"ಮೀನು ಕೆಳಗ ಜಗ್ಗತೈತಿ, ಕೊಕ್ಕಿ ಬಿಡೂದಿಲ್ಲ,
ಆ ಜಗ್ಗಾಟಕ್ಕ ನಾವು ತೂಕ ಅಂತೀವಿ.
ಎರಡೂ ಕೂಡೇ ಬಿದ್ರ
ಯಾರು ಯಾರನ್ನ ಜಗ್ಗಬೇಕ್ರಿ?"

ಕಿಟಕಿಯಾಚೆ ಗಣಿಯ ದೊಡ್ಡ ಚಕ್ರ ತಿರುಗುತ್ತಿತ್ತು.
ನನ್ನ ಬಾಯಿಂದ ತಾನಾಗಿ ಬಂತು:
"ನಮ್ಮಪ್ಪ ದಿನಾ ಇಳೀತಾನ, ಕೇಜಿನಾಗ."

ಎರಡು ಪಕ್ಷವಾಯಿತು ತರಗತಿ.
ತಳ ಮುಟ್ಟುವ ತನಕ ಹಗುರ ಎಂದರು ಕೆಲವರು;
ಅಷ್ಟೊತ್ತು ಹಗುರಿದ್ದರೆ ಮಂದಿ ಹಾರಿಹೋಗುತ್ತಿದ್ದರು ಎಂದಳು ರೇಣವ್ವ.
ಮಂಡಕ್ಕಿ ಮಿರ್ಚಿಗೆ ಪಂಥ.
ಕೆಳಗಿಳಿದು ಬಂದವರು ಯಾರೂ ಇರಲಿಲ್ಲ.

ರಾತ್ರಿ ಪಾಳಿಗೆ ಹೊರಟ ಅಪ್ಪನಿಗೆ ಹೇಳಿದೆ:
ಡಬ್ಬಿಯನ್ನು ಒಂದೇ ಬೆರಳಿಗೆ ಹಾಕಿಕೋ.
"ಇದನ್ನ ಕಲಸ್ತಾರೇನು ಇಸ್ಕೂಲಿನಾಗ?" ಎಂದ,
ನಕ್ಕನೋ ಬೈದನೋ ತಿಳಿಯಲಿಲ್ಲ.

ಬೆಳಿಗ್ಗೆ ಮುಖ ತೊಳೆಯುವ ಮೊದಲೇ
ಹೊಸ್ತಿಲ ಮೇಲೆ ಕೂತು ತೋರುಬೆರಳು ಎತ್ತಿ ಹಿಡಿದ.
"ಹೊರಡೂವಾಗ ಹಗುರ.
ನಡುವ ಮಾಮೂಲಿ, ಮನ್ಯಾಗ ಹಿಡಿದಂಗ.
ನಿಲ್ಲೂವಾಗ ನೋಡು, ಬೆರಳು ಕಿತ್ತು ಬಂದಂಗಾತು.
ಒಬ್ಬನ ಮಾತು ಸಾಕಾಗೂದಿಲ್ಲಂತ
ಹನ್ನೊಂದು ಮಂದಿ ಡಬ್ಬಿ ತೂಗಹಾಕಿದ್ವಿ.
ತಾಯಪ್ಪಂದು ಸಾರು ಚೆಲ್ಲಿತು."

ಆಮೇಲೆ, ಬೂಟಿನ ದಾರ ಬಿಚ್ಚುತ್ತ, ನನ್ನ ಕಡೆ ನೋಡದೆ:
"ಇಪ್ಪತ್ತೆರಡು ವರ್ಷ ಆತು ಇಳಿಯಾಕ ಹತ್ತಿ.
ಕೇಜು ಬಿಟ್ಟ ಕೂಡಲೆ ಹೊಟ್ಟಿ ಮ್ಯಾಲ ಉಳದಂಗ ಆಗ್ತಿತ್ತು.
ನನಗೊಬ್ಬನಿಗೇ ಹೆದರಿಕಿ ಅನ್ಕೊಂಡಿದ್ದೆ."

ಪರೀಕ್ಷೆಗೆ ಬಂತು: ತೂಕರಹಿತ ಸ್ಥಿತಿ ಎಂದರೇನು, ಎರಡು ಅಂಕ.
ಡಬ್ಬಿ ಬರೆದೆ, ಬೆರಳು ಬರೆದೆ, ಚೆಲ್ಲಿದ ಸಾರನ್ನೂ ಬಿಡಲಿಲ್ಲ.
ಒಂದು ಕೊಟ್ಟಿದ್ದಾರೆ, ಯಾವ ಊರಿನವರೋ,
ಪಕ್ಕದಲ್ಲಿ ಕೆಂಪಗೆ: 'ವ್ಯಾಖ್ಯೆ ಎಲ್ಲಿ?'
ಮೌನೇಶನಿಗೆ ಇವತ್ತಿಗೂ ವಿಜ್ಞಾನವೆಂದರೆ ತಲೆನೋವು;
ಮೇಜು ಹತ್ತಿದ್ದು ಮಾತ್ರ ಚಲೋ ಇತ್ತು ಅನ್ನುತ್ತಾನೆ.
ಖಾಸಿಂ ಈಗ ಮುಂದಿನ ಬೆಂಚು,
ಮೀನಿನ ವಾಸನೆಗೆ ಯಾರೂ ಮುಖ ತಿರುಗಿಸುವುದಿಲ್ಲ,
ಎಂದರೆ ಸುಳ್ಳಾಗುತ್ತದೆ. ರೇಣವ್ವ ತಿರುಗಿಸುತ್ತಾಳೆ,
ಆಮೇಲೆ ಅವನ ಜೊತೆಗೇ ವಾದಕ್ಕೆ ಕೂರುತ್ತಾಳೆ.

ಮೊನ್ನೆ ಊಟದ ನಡುವೆ ರೊಟ್ಟಿ ಮುರಿಯುವುದು ನಿಲ್ಲಿಸಿ
ಅಪ್ಪ ಕೇಳಿದ:
"ಹತ್ತಿ ಬರೂವಾಗ ಡಬ್ಬಿ ಖಾಲಿ ಇರತೈತಿ.
ಖಾಲಿ ಡಬ್ಬಿಗೂ ಅಷ್ಟ ಫರಕ ಬೀಳತೈತೇನು?
ನಿಮ್ಮ ಮೇಡಂನ್ನ ಕೇಳು."

ಮೇಡಂನ್ನು ಕೇಳಲಿಲ್ಲ.
ತಕ್ಕಡಿ ತಾರೋ, ಎಂದು
ಖಾಸಿಮನ ಮನೆಗೆ ಹೇಳಿ ಕಳಿಸಿದೆ.